ಬಿತ್ತನೆಗೂ ಸುಗ್ಗಿಗೂ ನಡುವಿನ ಆರು ತಿಂಗಳು

ಸೌದಿಯಲ್ಲಿ ಹದಿನೈದು ವರ್ಷ ಏಸಿ ರಿಪೇರಿ ಮಾಡಿ ಎಕ್ಸಿಟ್‌ನಲ್ಲಿ ಊರಿಗೆ ಬಂದವರ ಹತ್ತಿರ "ಹೊಸ ವೀಸಾದಲ್ಲಿ ಹೋಗಬೇಕಾದರೆ ಪರೀಕ್ಷೆ ಪಾಸಾಗಬೇಕಂತೆ" ಎಂದು ಹೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ. ಆದರೆ ವಿಷಯ ನಿಜ. 2021ರಲ್ಲಿ ಸೌದಿ ಸರ್ಕಾರ ಶುರು ಮಾಡಿದ ಕೌಶಲ ಪರಿಶೀಲನೆಯ ವ್ಯವಸ್ಥೆ ಆಮೇಲೆ ಭಾರತಕ್ಕೂ ಬಂತು. ಪ್ಲಂಬರ್, ಎಲೆಕ್ಟ್ರಿಶಿಯನ್, ವೆಲ್ಡರ್, ಏಸಿ ಮೆಕ್ಯಾನಿಕ್, ವಾಹನಗಳ ಎಲೆಕ್ಟ್ರಿಶಿಯನ್ ಇಂಥ ಕೆಲಸಗಳ ವೀಸಾಕ್ಕೆ ಇಲ್ಲೇ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಿ ಸರ್ಟಿಫಿಕೇಟ್ ತೋರಿಸಬೇಕು. 2025ರ ಜುಲೈಯಿಂದ ಅಲ್ಲಿ ಈಗಾಗಲೇ ಕೆಲಸದಲ್ಲಿರುವವರ ವರ್ಕ್ ಪರ್ಮಿಟನ್ನೂ ಉನ್ನತ ಕೌಶಲ, ಕೌಶಲ, ಮೂಲ ಎಂಬ ಮೂರು ದರ್ಜೆಗಳಾಗಿ ವಿಂಗಡಿಸಲು ಶುರು ಮಾಡಿದ್ದಾರೆ.

ಇದು ಒಂದೇ ಸಲ ಬಂದ ಗಾಳಿ ಅಲ್ಲ. 2011ರಲ್ಲಿ ನಿತಾಖಾತ್ ಬಂತು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸ ಪೂರ್ತಿಯಾಗಿ ಸೌದಿ ಪ್ರಜೆಗಳಿಗೆ ಹೋಯಿತು. 2017ರಲ್ಲಿ ಅಲ್ಲಿ ಜೊತೆಗಿರುವ ಹೆಂಡತಿ ಮಕ್ಕಳ ತಲೆ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು, ವರ್ಷ ವರ್ಷ ಏರಿ 2020ರ ಹೊತ್ತಿಗೆ ಅದು 400 ಆಯಿತು. ಪ್ರತಿ ಸಲವೂ ನಮ್ಮ ಊರುಗಳಿಗೆ ಒಂದಷ್ಟು ಜನ ಸೂಟ್‌ಕೇಸ್ ಹಿಡಿದು ವಾಪಸ್ ಬಂದರು. ಪ್ರತಿ ಸಲವೂ ನಾವು "ಅಲ್ಲಾಹು ದಾರಿ ತೋರಿಸುತ್ತಾನೆ" ಎಂದೆವು. ಅದು ಸರಿಯೇ. ಆದರೆ ದಾರಿ ಕಂಡ ಮೇಲೆ ನಡೆಯುವ ಕಾಲು ನಮ್ಮದೇ ಆಗಬೇಕಲ್ಲ.

ಮದ್ರಸ ಬಿಟ್ಟ ಮೇಲೆ ಮಕ್ಕಳನ್ನು ಕರಕೊಂಡು ಹೋಗಲು ಬರುವ ಗಂಡಸರು ಗೇಟಿನ ಹತ್ತಿರ ನಿಂತು ಈಗ ಕೇಳುವ ಪ್ರಶ್ನೆ ಬಹುತೇಕ ಒಂದೇ. "ಉಸ್ತಾದರೇ, ಈ ಪ್ರಾಯದಲ್ಲಿ ಇನ್ನು ಕಲಿಯೋದುಂಟಾ?" ಸಿವಿಲ್ ಡಿಪ್ಲೊಮಾ ಮಾಡಿದ ಯುವಕ, ಮುಂದೆ ಏನಾದರೂ ಕೋರ್ಸ್ ಮಾಡಿದರೆ ಸೈಟಿನಲ್ಲಿ ಮೇಲಿನ ಹುದ್ದೆ ಸಿಗಬಹುದಾ ಎಂದು ಕೇಳುತ್ತಾನೆ. ಬೀಡಿ ಕಟ್ಟುವ ಉಮ್ಮಂದಿರು ಅಷ್ಟು ನೇರವಾಗಿ ಕೇಳುವುದಿಲ್ಲ. "ಬ್ರಾಂಚ್‌ನಲ್ಲಿ ಈಗ ಎಲೆ ಕಮ್ಮಿ ಕೊಡ್ತಾರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅದೂ ಅದೇ ಪ್ರಶ್ನೆ.

ಪ್ರಾಯದ ಮಾತು ನೆಪ ಮಾತ್ರ ಎಂಬುದು ನನ್ನ ಅಭಿಪ್ರಾಯ. ನಲವತ್ತು ವರ್ಷದವರು ಸ್ಮಾರ್ಟ್‌ಫೋನ್ ಕಲಿತರು, ಗೂಗಲ್ ಪೇ ಕಲಿತರು, ಕೆಲವರು ದುಬೈಯಲ್ಲಿ ಮಲಯಾಳಂ, ಉರ್ದು, ಅರಬಿ, ಇಂಗ್ಲಿಷ್ ನಾಲ್ಕನ್ನೂ ಕಲಿತು ಬಂದರು. ತಲೆಗೆ ಹತ್ತುವುದಿಲ್ಲ ಎಂಬುದು ಸುಳ್ಳು. ನಿಜವಾದ ಅಡ್ಡಿ ಬೇರೆ, ಅದನ್ನು ಗೇಟಿನ ಹತ್ತಿರ ನಿಂತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ಲೆಕ್ಕ ಹಾಕೋಣ. ಅಂದಾಜಿಗೆ ಮಾತ್ರ. 38 ವರ್ಷದ ಒಬ್ಬರು, ಹೆಂಡತಿ, ಮೂರು ಮಕ್ಕಳು, ವಯಸ್ಸಾದ ಉಮ್ಮ. ಮನೆ ಖರ್ಚು ತಿಂಗಳಿಗೆ 25 ಸಾವಿರ. ಆರು ತಿಂಗಳ ಒಂದು ಕೋರ್ಸಿನ ಫೀಸು 20 ಸಾವಿರ. ಕೋರ್ಸಿಗೆ ಎಷ್ಟಾಯಿತು ಎಂದರೆ ಎಲ್ಲರೂ 20 ಸಾವಿರ ಅನ್ನುತ್ತಾರೆ. ಅಲ್ಲ. ಆ ಆರು ತಿಂಗಳು ದುಡಿಮೆ ಇಲ್ಲ, ಆದರೆ ಅಕ್ಕಿ, ಮೀನು, ಕರೆಂಟ್ ಬಿಲ್, ಉಮ್ಮನ ಮಾತ್ರೆ ನಿಲ್ಲುವುದಿಲ್ಲ. ಒಂದೂವರೆ ಲಕ್ಷ ಅಲ್ಲಿಗೆ ಹೋಯಿತು. ಒಟ್ಟು 1 ಲಕ್ಷದ 70 ಸಾವಿರ. ಅದರಲ್ಲಿ ಫೀಸು ಎಂಟರಲ್ಲಿ ಒಂದು ಪಾಲೂ ಇಲ್ಲ. ಸರ್ಕಾರ ಫೀಸು ಮಾಫಿ ಮಾಡಿದರೂ, ಸಂಘಟನೆಗಳು ಉಚಿತ ತರಬೇತಿ ಎಂದು ಬ್ಯಾನರ್ ಹಾಕಿದರೂ ಆ ಮನುಷ್ಯ ಬಂದು ಸೇರುವುದಿಲ್ಲ. ನಾವು "ನಮ್ಮವರಿಗೆ ಆಸಕ್ತಿ ಇಲ್ಲ" ಎಂದು ಬಯ್ಯುತ್ತೇವೆ. ಅವರಿಗೆ ಇಲ್ಲದ್ದು ಆಸಕ್ತಿ ಅಲ್ಲ, ಆ ಆರು ತಿಂಗಳು.

ಹಾಗಾಗಿ ಹೆಚ್ಚಿನವರು ಏನು ಮಾಡುತ್ತಾರೆ? ಅಂಗಡಿ ಹಾಕುತ್ತಾರೆ. ಬೇಕರಿ, ಫ್ಯಾನ್ಸಿ, ಮೊಬೈಲ್, ಜ್ಯೂಸ್, ಇತ್ತೀಚೆಗೆ ಮಂದಿ ಮತ್ತು ಶವರ್ಮ. ಕಲಿಯಲು ಸಮಯ ಇಲ್ಲ, ಅಂಗಡಿಯಾದರೆ ನಾಳೆಯಿಂದಲೇ ದುಡ್ಡು ಎಂಬ ಲೆಕ್ಕ. ಅಂಗಡಿ ಹಾಕುವುದೂ ಹೊಸ ವೃತ್ತಿಯೇ ಎಂಬುದು ಅಲ್ಲಿ ಮರೆತುಹೋಗುತ್ತದೆ. ಮಾಲು ಎಲ್ಲಿ ತರುವುದು, ಯಾವುದನ್ನು ಎಷ್ಟು ಇಡುವುದು, ಉದ್ರಿ ಯಾರಿಗೆ ಕೊಡುವುದು, ಜಿಎಸ್‌ಟಿ ಹೇಗೆ ಕಟ್ಟುವುದು, ಮಳೆಗಾಲದ ಮೂರು ತಿಂಗಳು ಹೇಗೆ ದಾಟುವುದು ಎಂಬುದು ಒಂದು ವಿದ್ಯೆ. ಅದನ್ನು ಕಲಿಯದೆ ಶುರು ಮಾಡಿದವರು ಅಂಗಡಿಯ ಒಳಗೇ ಕಲಿಯುತ್ತಾರೆ, ಹತ್ತು ವರ್ಷದ ಉಳಿತಾಯವನ್ನು ಫೀಸಾಗಿ ಕೊಟ್ಟು. ತರಬೇತಿ ಬೇಡ ಎಂದು ಹೋದವರೇ ಅತ್ಯಂತ ದುಬಾರಿ ತರಬೇತಿ ಪಡೆದಿದ್ದಾರೆ. ಅಂಗಡಿ ಬೇಡ ಎಂದು ನಾನು ಹೇಳುವುದಿಲ್ಲ. ಅಂಥದ್ದೇ ಅಂಗಡಿಯಲ್ಲಿ ಆರು ತಿಂಗಳು ಸಂಬಳಕ್ಕೆ ನಿಂತು ನೋಡಿ ಎನ್ನುತ್ತೇನೆ. ಗಲ್ಫಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ನಿಲ್ಲಲು ನಾಚಿಕೆ ಆಗದವರಿಗೆ ಊರಿನಲ್ಲಿ ಯಾಕೋ ನಾಚಿಕೆ.

ಇರುವ ಕೆಲಸದಲ್ಲೇ ಮೇಲೆ ಹೋಗಲು ಕಲಿಯುವುದೋ, ಪೂರ್ತಿ ಬೇರೆ ಕೆಲಸಕ್ಕೆ ಹಾರುವುದೋ ಎಂಬ ಪ್ರಶ್ನೆಗೆ ಕರಾವಳಿಯಿಂದ ದೂರದ ಒಂದು ಊರನ್ನು ನೋಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಗದಗ. ಗದಗ-ಬೆಟಗೇರಿ ಜೋಡಿ ನಗರಕ್ಕೆ ಎರಡು ಕಸುಬಿನ ಹೆಸರು. ಬೆಟಗೇರಿಯದ್ದು ನೇಕಾರಿಕೆ, ಗದಗದ್ದು ಅಚ್ಚುಕೂಟ. ಮುದ್ರಣ ಕಾಶಿ ಎಂದೇ ಗದಗನ್ನು ಕರೆಯುತ್ತಾರೆ. ಹಿಂದೆ ಅಚ್ಚುಕೂಟ ಎಂದರೆ ಸೀಸದ ಮೊಳೆಗಳು. ಒಂದೊಂದು ಅಕ್ಷರದ ಮೊಳೆಯನ್ನೂ ಖಾನೆಯಿಂದ ಎತ್ತಿ, ತಲೆಕೆಳಗಾಗಿ ಓದುತ್ತಾ, ಸಾಲು ಜೋಡಿಸುವ ಕೆಲಸ ಕಂಪೋಸಿಟರ್‌ದು. ಒತ್ತು, ದೀರ್ಘ, ಕೊಂಬು ಎಲ್ಲ ಇರುವ ಕನ್ನಡಕ್ಕೆ ಇಂಗ್ಲಿಷಿನ ಹಲವು ಪಟ್ಟು ಮೊಳೆ ಬೇಕು. ಆ ಕೈ ಪಳಗಲು ವರ್ಷಗಳು ಬೇಕಿತ್ತು. 1990ರ ದಶಕದಲ್ಲಿ ಕಂಪ್ಯೂಟರ್ ಬಂತು, ಡಿಟಿಪಿ ಬಂತು, ಟ್ರೆಡಲ್ ಮಶೀನಿನ ಜಾಗಕ್ಕೆ ಆಫ್‌ಸೆಟ್ ಬಂತು. ಕೆಲವೇ ವರ್ಷಗಳಲ್ಲಿ ಮೊಳೆ ಗುಜರಿಗೆ ಹೋಯಿತು. ಕನ್ನಡ ನಾಡಿನ ಎಲ್ಲ ಅಚ್ಚುಕೂಟಗಳದ್ದೂ ಇದೇ ಕಥೆ.

ಆಗ ಕಂಪೋಸಿಟರ್ ಮುಂದೆ ಎರಡು ದಾರಿ. ಕೀಬೋರ್ಡ್ ಕಲಿತು ಅಚ್ಚಿನ ಕೆಲಸದಲ್ಲೇ ಮುಂದುವರಿಯುವುದು ಒಂದು. ಎಲ್ಲ ಬಿಟ್ಟು ಕಿರಾಣಿ ಅಂಗಡಿಯೋ ಕೂಲಿಯೋ ನೋಡಿಕೊಳ್ಳುವುದು ಇನ್ನೊಂದು. ಮೇಲ್ನೋಟಕ್ಕೆ ಮೊದಲನೆಯದು ಕಷ್ಟ, ಯಾಕೆಂದರೆ ಯಂತ್ರವೇ ಹೊಸದು. ಆದರೆ ಆ ಮನುಷ್ಯನ ಹತ್ತಿರ ಏನು ಉಳಿದಿತ್ತು ನೋಡಿ. ಕಾಗುಣಿತ ಗೊತ್ತು. ಪುಟದ ಅಳತೆ ಗೊತ್ತು. ಮದುವೆ ಪತ್ರಿಕೆಯಲ್ಲಿ ಹಿರಿಯರ ಹೆಸರು ಎಲ್ಲಿ ಬರಬೇಕು, ತಪ್ಪಿದರೆ ಏನು ರಾದ್ಧಾಂತ ಆಗುತ್ತದೆ ಎಂಬುದು ಗೊತ್ತು. ಗಿರಾಕಿಗಳು ಗೊತ್ತು. ಹಳೆಯದಾದದ್ದು ಬೆರಳಿನ ಅಭ್ಯಾಸ ಮಾತ್ರ, ತಲೆಯಲ್ಲಿದ್ದದ್ದರ ಮುಕ್ಕಾಲು ಪಾಲು ಹೊಸ ಯಂತ್ರಕ್ಕೂ ಬೇಕಾದದ್ದೇ. ಬರೀ ಟೈಪಿಂಗ್ ಕಲಿತು ಬಂದ ಹುಡುಗನಿಗೆ ಅದು ಇರಲಿಲ್ಲ.

ನಮ್ಮವರಿಗೂ ನಾನು ಹೇಳುವುದು ಇಷ್ಟೇ. ನಿಮ್ಮ ಹಳೆ ಕೆಲಸದಲ್ಲಿ ಕೈಯ ಪಾಲು ಎಷ್ಟು, ತಲೆಯ ಪಾಲು ಎಷ್ಟು ಎಂದು ಮೊದಲು ನೋಡಿ. ಏಸಿ ಮೆಕ್ಯಾನಿಕ್ ಕೋಲ್ಡ್ ಸ್ಟೋರೇಜಿನ ಕೆಲಸ ಕಲಿತರೆ, ಎಲೆಕ್ಟ್ರಿಶಿಯನ್ ಸೋಲಾರ್ ಕಲಿತರೆ ಹದಿನೈದು ವರ್ಷ ವ್ಯರ್ಥ ಆಗುವುದಿಲ್ಲ. ಗದಗ ಸೀಮೆಯಲ್ಲೇ ಕಪ್ಪತಗುಡ್ಡದ ಸುತ್ತಮುತ್ತ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಅವುಗಳಿಗೂ ಕರೆಂಟಿನ ಕೆಲಸ ಗೊತ್ತಿದ್ದವರೇ ಬೇಕು. ಅದೇ ಏಸಿ ಮೆಕ್ಯಾನಿಕ್ ಕೋಳಿ ಫಾರಂಗೆ ಇಳಿದರೆ ಸೊನ್ನೆಯಿಂದ ಶುರು. ಸೊನ್ನೆಯಿಂದ ಶುರು ಮಾಡಬಾರದು ಎಂದಲ್ಲ. ಬೆನ್ನು ನೋವು, ಧೂಳಿನ ಅಲರ್ಜಿ ಎಂದು ಹಳೆ ಕೆಲಸ ಮಾಡಲಾಗದವರಿಗೆ ಬೇರೆ ದಾರಿ ಇಲ್ಲ. ಆದರೆ ಹಾಗೆ ಹಾರುವುದಾದರೆ ಆರು ತಿಂಗಳು ಸಾಲದು, ಎರಡು ವರ್ಷದ ತಯಾರಿ ಬೇಕು.

ಇನ್ನು ಕಲಿಯಬೇಕಾದದ್ದೇ ಇಲ್ಲದ, ಕಾಗದ ಮಾತ್ರ ಬೇಕಾದ ಜನರೂ ತುಂಬಾ ಇದ್ದಾರೆ. ಕೆಲಸ ಬೆರಳ ತುದಿಯಲ್ಲಿ ಉಂಟು, ಸರ್ಟಿಫಿಕೇಟ್ ಇಲ್ಲ. ಇಂಥವರು ವರ್ಷಗಟ್ಟಲೆಯ ಕೋರ್ಸಿಗೆ ಸೇರಿ ದುಡ್ಡು ಹಾಳು ಮಾಡಬಾರದು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಎಂದು ಒಂದು ವಿಭಾಗ ಉಂಟು. ಈಗಾಗಲೇ ಇರುವ ಅನುಭವವನ್ನು ಪರೀಕ್ಷಿಸಿ, ಸಣ್ಣ ತಯಾರಿ ಕೊಟ್ಟು, ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅದು. ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಉಂಟು. 14 ತುಂಬಿದ ಯಾರೂ ಹತ್ತನೆಯದಕ್ಕೆ ಕಟ್ಟಬಹುದು, ಮೇಲೆ ವಯಸ್ಸಿನ ಮಿತಿ ಇಲ್ಲ. ಹತ್ತನೇ ಪಾಸಾದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಹೋಗುತ್ತದೆ, ಗಲ್ಫಿಗೆ ಹೋಗುವಾಗ ಎಮಿಗ್ರೇಶನ್ ಕ್ಲಿಯರೆನ್ಸಿನ ತಾಪತ್ರಯ ತಪ್ಪುತ್ತದೆ. ಒಂದು ಹತ್ತನೇ ಪಾಸು ಇಷ್ಟು ಕೆಲಸ ಮಾಡುತ್ತದೆ ಎಂದು ನಮ್ಮ ಅನೇಕ ಮನೆಗಳಿಗೆ ಇನ್ನೂ ಗೊತ್ತಿಲ್ಲ.

ಕಾಗದ ತೆಗೆದುಕೊಳ್ಳುವಾಗ ಎಚ್ಚರ ಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ. ಕೆಲಸದಲ್ಲಿದ್ದು ಬಡ್ತಿಗಾಗಿ ಓದುವವರ ದೊಡ್ಡ ಆಸರೆ. 2012-13ರ ನಂತರದ ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇಲ್ಲದಾಯಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ಈಗ ಅಲ್ಲಿ ಸೇರಲು ಹೆದರಬೇಕಾಗಿಲ್ಲ. ಆದರೆ ನಡುವಿನ ವರ್ಷಗಳಲ್ಲಿ ಹಗಲು ದುಡಿದು ರಾತ್ರಿ ಓದಿದವರು ಪದವಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಸರ್ಕಾರದ್ದೇ ವಿಶ್ವವಿದ್ಯಾಲಯದಲ್ಲಿ ಹೀಗಾದರೆ, ನಮ್ಮ ಪೇಟೆಯ ಮಹಡಿ ಮೇಲಿನ "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಬೋರ್ಡುಗಳನ್ನು ಹೇಗೆ ನಂಬುವುದು? ಫೈರ್ ಆ್ಯಂಡ್ ಸೇಫ್ಟಿ, ಆಯಿಲ್ ಆ್ಯಂಡ್ ಗ್ಯಾಸ್ ಎಂದು ಚಂದದ ಹೆಸರು. ಸೇರುವ ಮುಂಚೆ ಕೋರ್ಸ್ ಮಾರುವವರನ್ನು ಕೇಳಬೇಡಿ, ಕೆಲಸ ಕೊಡುವವರನ್ನು ಕೇಳಿ. ಆ ಕಂಪೆನಿಯಲ್ಲಿರುವ ನಿಮ್ಮ ಭಾವನಿಗೋ ಗೆಳೆಯನಿಗೋ ಒಂದು ವಾಟ್ಸ್ಆ್ಯಪ್ ಸಾಕು. "ಈ ಕಾಗದ ತಂದರೆ ನಿಮ್ಮಲ್ಲಿ ತೆಗೆದುಕೊಳ್ಳುತ್ತಾರಾ?" ಮೂರು ಜನ ಹೌದು ಎಂದರೆ ಸೇರಿ.

ಸರ್ಕಾರ ಏನೂ ಮಾಡುತ್ತಿಲ್ಲ ಎಂದರೆ ಅನ್ಯಾಯವಾದೀತು. ಯೋಜನೆಗಳ ಪಟ್ಟಿ ಉದ್ದವೇ ಇದೆ. ಆದರೆ ಆ 38 ವರ್ಷದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ ನೋಡಿ. ರಾಜ್ಯದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದು 2022-23 ಮತ್ತು ಆಮೇಲೆ ಪಾಸಾಗಿ ಕೆಲಸ ಸಿಗದವರಿಗೆ. ನಡುವಯಸ್ಸಿನಲ್ಲಿ ಕೆಲಸ ಕಳಕೊಂಡವರಿಗೆ ಅದರಲ್ಲಿ ಜಾಗ ಇಲ್ಲ. ಕೇಂದ್ರದ ಸೀಖೋ ಔರ್ ಕಮಾವೋ 2013ರದ್ದು, ಶಾಲೆ ಮದ್ರಸ ಅರ್ಧಕ್ಕೆ ಬಿಟ್ಟವರಿಗಾಗಿ ಬಂದ ನಯೀ ಮಂಜಿಲ್ 2015ರದ್ದು. ಎರಡೂ ಈಗ ಪಿಎಂ ವಿಕಾಸ್ ಎಂಬ ಒಂದೇ ಹೆಸರಿನೊಳಗೆ ಸೇರಿಹೋಗಿವೆ. ಅವು ಮುಖ್ಯವಾಗಿ ಎಳೆಯರಿಗೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಮಾತ್ರ ಒಂದು ವಿಷಯವನ್ನು ಸರಿಯಾಗಿ ಹಿಡಿದಿದೆ. ದರ್ಜಿ, ಮೇಸ್ತ್ರಿ, ಬಡಗಿ, ಕ್ಷೌರಿಕ, ದೋಣಿ ಕಟ್ಟುವವರು, ಬಲೆ ಹೆಣೆಯುವವರು ಸೇರಿ 18 ಕಸುಬುಗಳಿಗೆ ತರಬೇತಿ, 15 ಸಾವಿರದ ಸಲಕರಣೆ, ಸಾಲ. ಜೊತೆಗೆ ತರಬೇತಿಯ ಪ್ರತಿ ದಿನಕ್ಕೆ 500 ರೂಪಾಯಿ. ಕಲಿಯುವ ದಿನದ ಕೂಲಿ ಯಾರು ಕೊಡುತ್ತಾರೆ ಎಂದು ಯೋಚಿಸಿ ಅಲ್ಲೊಂದು ಅಂಕಿ ಬರೆದಿದ್ದಾರೆ. ಆದರೆ ಮೊದಲ ತರಬೇತಿ ಒಂದು ವಾರದ ಲೆಕ್ಕದ್ದು, ಮುಂದಿನದು ಸುಮಾರು ಹದಿನೈದು ದಿನದ್ದು. ಈಗಾಗಲೇ ಆ ಕಸುಬಿನಲ್ಲಿ ಇರುವವರಿಗಷ್ಟೇ ಅದು, ಹೊಸದಕ್ಕೆ ಹೋಗುವವರಿಗೆ ಅಲ್ಲ. ನಮ್ಮ ಜಿಲ್ಲೆಯದ್ದೇ ಹೆಮ್ಮೆ ಉಜಿರೆಯ ರುಡ್‌ಸೆಟ್. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಯಲ್ಲಿ ಶುರುವಾದದ್ದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಕಲಿತ ಮೇಲೂ ಎರಡು ವರ್ಷ ಹಿಂದೆ ಬಿದ್ದು ವಿಚಾರಿಸುತ್ತಾರೆ. ಅದನ್ನೇ ನೋಡಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳು ಎದ್ದವು. ಅಲ್ಲಿ ಕಲಿಯುವವರ ಊಟಕ್ಕೆ ವ್ಯವಸ್ಥೆ ಇದೆ. ಮನೆಯಲ್ಲಿ ಉಳಿದವರ ಊಟಕ್ಕೆ?

ಬೀಡಿಯವರ ವಿಷಯ ಇನ್ನೂ ಸೂಕ್ಷ್ಮ. ಬೀಡಿ ಬಿಟ್ಟು ಹೊಲಿಗೆ ಕಲಿಯಿರಿ ಎಂದು ಹೇಳುವುದು ಸುಲಭ. ಹತ್ತು ಮನೆಗೆ ಹತ್ತು ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸಿಕೊಂಡ ಎಷ್ಟು ಕಾರ್ಯಕ್ರಮಗಳನ್ನು ನಾವು ನೋಡಿಲ್ಲ! ಒಂದು ಗಲ್ಲಿಯಲ್ಲಿ ಹತ್ತು ದರ್ಜಿಗಳು ಆದರೆ ಬಟ್ಟೆ ಕೊಡುವವರು ಯಾರು? ಯಂತ್ರದ ಮೇಲೆ ಈಗ ಟಿವಿ ಇಟ್ಟಿದ್ದಾರೆ. ಇನ್ನೊಂದು ಮಾತು, ಬೀಡಿ ಕಾರ್ಡು ಇರುವವರಿಗೆ ಪಿಎಫ್ ಉಂಟು. ಪಿಎಫ್ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಆಗಬೇಕು. ಎಂಟು ವರ್ಷ ಆದವರು ಯಾರದ್ದೋ ಭಾಷಣ ಕೇಳಿ ಈಗಲೇ ಬಿಟ್ಟು, ದುಡ್ಡು ವಾಪಸ್ ತೆಗೆದರೆ 58ರ ನಂತರದ ತಿಂಗಳ ಪಿಂಚಣಿ ಹೋಯಿತು. ಬಿಡುವುದೇ ಆದರೆ ಆ ಎರಡು ವರ್ಷ ಬೀಡಿಯ ಜೊತೆಗೇ ಸಂಜೆ ಹೊತ್ತು ಬೇರೊಂದು ಕಲಿಯುವುದು ಜಾಣತನ.

ಹಾಗಾದರೆ ಆ ಆರು ತಿಂಗಳು ಎಲ್ಲಿಂದ ತರುವುದು? ಮತ್ತೆ ಗದಗ ಸೀಮೆಗೇ ಹೋಗಬೇಕು, ಈ ಸಲ ನಗರಕ್ಕಲ್ಲ, ಗದಗ ತಾಲೂಕಿನ ಕಣಗಿನಹಾಳ ಎಂಬ ಹಳ್ಳಿಗೆ. 2025ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷ ಎಂದು ಘೋಷಿಸಿತ್ತು. ಅದೇ ವರ್ಷ ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘಕ್ಕೆ 120 ತುಂಬಿತು. 1905ರಲ್ಲಿ, ಗದಗ ಇನ್ನೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದಾಗ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ಆ ಕಡೆಯವರ ಹೆಮ್ಮೆ. ತಮಿಳುನಾಡಿನವರು ತಮ್ಮ ತಿರೂರಿನ ಸಂಘವನ್ನು ಮುಂದಿಡುತ್ತಾರೆ. ಆ ವಾದ ಅವರವರಿಗೆ ಬಿಟ್ಟದ್ದು. ಕರ್ನಾಟಕದ ಸಹಕಾರ ಚಳವಳಿ ಅಲ್ಲಿಂದ ಶುರು ಎಂಬುದರಲ್ಲಿ ಜಗಳ ಇಲ್ಲ. ಕೆಲವೇ ವರ್ಷಗಳಲ್ಲಿ ಅದೇ ಅಲೆ ಪುತ್ತೂರಿನ ಮೊಳಹಳ್ಳಿ ಶಿವರಾಯರ ಮೂಲಕ ನಮ್ಮ ಜಿಲ್ಲೆಗೂ ಬಂತು.

ಆಗಿನ ರೈತನ ಕಷ್ಟ ಏನು? ಜಮೀನು ಇತ್ತು, ಕೈಯಲ್ಲಿ ಕಸುಬಿತ್ತು. ಬಿತ್ತಿದ ದಿನದಿಂದ ಕೊಯ್ಯುವ ದಿನದವರೆಗೆ ಮನೆ ನಡೆಸಲು ದುಡ್ಡು ಇರಲಿಲ್ಲ. ಆ ನಡುವಿನ ತಿಂಗಳುಗಳಿಗಾಗಿ ಸಾಹುಕಾರನ ಬಾಗಿಲಿಗೆ ಹೋದ. ಸುಗ್ಗಿ ಬಂದಾಗ ಕಾಳು ಸಾಹುಕಾರನಿಗೆ, ಕೊನೆಗೆ ಜಮೀನೂ ಅವನಿಗೆ. 1875ರಲ್ಲಿ ಪುಣೆ, ಅಹ್ಮದ್‌ನಗರ ಕಡೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟದ್ದು ಇದೇ ಸಿಟ್ಟಿನಿಂದ. ಸುಟ್ಟರೆ ಪ್ರಯೋಜನ ಇಲ್ಲ, ಮುಂದಿನ ಮಳೆಗಾಲಕ್ಕೆ ಮತ್ತೆ ಸಾಲ ಬೇಕು. ಅದಕ್ಕಾಗಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರೇ ಆಗಿರಬೇಕು. ಹೊಣೆಗಾರಿಕೆಗೆ ಮಿತಿ ಇರಲಿಲ್ಲ, ಅಂದರೆ ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ಉತ್ತರ ಕೊಡಬೇಕು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬವರು ಕಟ್ಟಿದ ಸಂಘಗಳ ಮಾದರಿ ಅದು. ಕೇಳಿದರೆ ಭಯ ಆಗುತ್ತದೆ. ಆದರೆ ಅದರಿಂದ ಒಂದು ಕೆಲಸ ಆಯಿತು. ಯಾರಿಗೆ, ಯಾತಕ್ಕೆ, ಎಷ್ಟು ಸಾಲ ಎಂದು ಇಡೀ ಊರು ಕಣ್ಣಿಟ್ಟು ನೋಡಿತು. ಬಿತ್ತನೆಗೆ ತೆಗೆದ ದುಡ್ಡು ಮದುವೆಗೆ ಹೋದರೆ ಪಕ್ಕದ ಮನೆಯವನಿಗೇ ನಷ್ಟ.

ಅಲ್ಲಿ ಬಡ್ಡಿ ಇತ್ತು, ನಮಗೆ ಅದು ಆಗದು. ಬಡ್ಡಿ ಬದಿಗಿಡಿ. ಬಿತ್ತನೆಗೂ ಸುಗ್ಗಿಗೂ ನಡುವಿನ ತಿಂಗಳುಗಳನ್ನು ಒಬ್ಬನ ತಲೆ ಮೇಲೆ ಬಿಡದೆ ಊರೇ ಹೊತ್ತುಕೊಂಡ ರೀತಿ ಇದೆಯಲ್ಲ, ನಮಗೆ ಬೇಕಾದದ್ದು ಅದು. ಹೊಸ ಕಸುಬು ಕಲಿಯುವವರೂ ಬಿತ್ತಿದವರೇ.

ನಮ್ಮಲ್ಲಿ ಇದು ಇರಲಿಲ್ಲವೇ? ಇತ್ತು. ಒಬ್ಬರಿಗೆ ವೀಸಾ ಬಂತು ಎಂದಾಗ ಇಡೀ ಕುಟುಂಬ ಒಂದಾಗುತ್ತಿತ್ತು. ಉಮ್ಮನ ಬಳೆ, ಹೆಂಡತಿಯ ಸರ, ಮಾವನ ಸಾಲ, ನೆರೆಯವರ ಕೈಗಡ. ಏಜೆಂಟಿಗೆ ಕಾನೂನು ಪ್ರಕಾರ 30 ಸಾವಿರ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಕೊಡಬೇಕಾಗಿಲ್ಲ, ಆದರೂ ಲಕ್ಷಗಟ್ಟಲೆ ಎಣಿಸಿ ಕೊಟ್ಟವರು ನಮ್ಮವರೇ. ಯಾರೂ "ಅಲ್ಲಿ ಹೋಗಿ ಕೆಲಸ ಸಿಗದಿದ್ದರೆ?" ಎಂದು ಕೇಳಲಿಲ್ಲ. ಅದೇ ಮನುಷ್ಯ ವಾಪಸ್ ಬಂದು "ಆರು ತಿಂಗಳು ಕಲಿಯುತ್ತೇನೆ, ಮನೆ ನೋಡಿಕೊಳ್ಳಿ" ಎಂದರೆ ಬಳೆ ಹೊರಗೆ ಬರುವುದಿಲ್ಲ. ವೀಸಾ ಎಂದರೆ ಹೂಡಿಕೆ, ಕಲಿಕೆ ಎಂದರೆ ಕೆಲಸ ಇಲ್ಲದವರ ನೆಪ. ಈ ತಕ್ಕಡಿಯೇ ಸರಿ ಇಲ್ಲ.

ಮಹಲ್ಲಿನ ಮಟ್ಟದಲ್ಲಿ ಇದನ್ನು ಮಾಡಬಹುದು, ಲೆಕ್ಕ ದೊಡ್ಡದಲ್ಲ. ನೂರು ಮನೆಯ ಒಂದು ಜಮಾಅತ್ ಎಂದುಕೊಳ್ಳಿ. ಮನೆಗೆ ತಿಂಗಳಿಗೆ 150 ರೂಪಾಯಿ. ಒಂದು ಬಿರಿಯಾನಿಯ ದುಡ್ಡು. ತಿಂಗಳಿಗೆ 15 ಸಾವಿರ ಆಯಿತು. ಅದನ್ನು ಕಲಿಯುವ ಒಬ್ಬರ ಮನೆಗೆ ಆರು ತಿಂಗಳು ಕರ್ಝ್ ಹಸನ್ ಆಗಿ ಕೊಟ್ಟರೆ 90 ಸಾವಿರ. 25 ಸಾವಿರದ ಮನೆಗೆ ಅದು ಪೂರ್ತಿ ಸಾಲದು, ಆದರೆ ಅಕ್ಕಿ ಮತ್ತು ಔಷಧಿ ನಿಲ್ಲುವುದಿಲ್ಲ, ಉಳಿದದ್ದನ್ನು ಸಂಜೆಯ ಸಣ್ಣ ಕೆಲಸದಲ್ಲೋ ಕುಟುಂಬದವರ ಸಹಾಯದಲ್ಲೋ ಸರಿದೂಗಿಸಬಹುದು. ಕೆಲಸ ಸಿಕ್ಕಿದ ಮೇಲೆ ತಿಂಗಳಿಗೆ 2,500ರ ಹಾಗೆ ಮೂರು ವರ್ಷ ವಾಪಸ್. ವರ್ಷಕ್ಕೆ ಇಬ್ಬರು ಕಲಿಯುತ್ತಾರೆ. ಆರು ಜನ ಕಂತು ಕಟ್ಟುವ ಹಂತಕ್ಕೆ ಬಂದರೆ ಆರು ಕಂತು ಸೇರಿ ಮತ್ತೆ 15 ಸಾವಿರ. ಆಮೇಲೆ ಮನೆಗಳಿಂದ ಹೊಸದಾಗಿ ಎತ್ತಬೇಕಾಗಿಲ್ಲ, ಚಕ್ರ ತಾನೇ ತಿರುಗುತ್ತದೆ. ಒಬ್ಬರು ಕೈಕೊಟ್ಟರೆ ತಿಂಗಳಿಗೆ 2,500 ಕೊರತೆ. ಅದನ್ನು ತಡೆಯುವ ಶಕ್ತಿ ನೂರು ಮನೆಗೆ ಇದೆ.

ಇದಕ್ಕೆ ಝಕಾತಿನ ದುಡ್ಡು ಬೆರೆಸಬೇಡಿ. ಝಕಾತ್ ಯಾರಿಗೆ ಸಲ್ಲಬೇಕು ಎಂಬುದಕ್ಕೆ ನಿಯಮ ಇದೆ, ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ಇದು ಸಾಲ, ಖಾತೆ ಬೇರೆಯೇ ಇರಲಿ. ನಮ್ಮವರಿಗೆ ಸಾಲವನ್ನು ಬರೆದಿಡುವುದು ಎಂದರೆ ಅವಮಾನ, "ನಂಬಿಕೆ ಇಲ್ವಾ?" ಎಂದು ಕೇಳುತ್ತಾರೆ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವೇ, ಸೂರಾ ಅಲ್ ಬಕರದ 282ನೆಯದು, ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಬಗ್ಗೆ ಇರುವುದು. ಆದ್ದರಿಂದ ಬರೆಯಿರಿ. ಇಬ್ಬರು ಜಾಮೀನು ಇರಲಿ. ಕಂತು ತಪ್ಪಿದವರ ಹೆಸರನ್ನು ಮಾತ್ರ ಮಸೀದಿಯ ಮೈಕಿನಲ್ಲಿ ಕೂಗಬೇಡಿ, ಮನೆಗೆ ಹೋಗಿ ಕೇಳಿ.

ಯಾರಿಗೆ ಕೊಡುವುದು ಎಂಬಲ್ಲಿ ಗಲಾಟೆ ಆಗಿಯೇ ಆಗುತ್ತದೆ. ಅಧ್ಯಕ್ಷರ ಅಳಿಯನಿಗೆ ಮೊದಲು ಎಂಬ ಮಾತು ಎಲ್ಲ ಕಡೆ ಇದ್ದದ್ದೇ. ಅದಕ್ಕೆ ಕಣಗಿನಹಾಳದ ಕಾಲದ ಉಪಾಯವೇ ಸರಿ, ಕಣ್ಣುಗಳು ಹೆಚ್ಚಾಗಬೇಕು. ಮೊದಲು ಹೇಳಿದ ಮೂರು ಜನರ ಉತ್ತರ, ಅಂದರೆ ಈ ಕೋರ್ಸಿಗೆ ಕೆಲಸ ಉಂಟು ಎಂದು ಕೆಲಸ ಕೊಡುವ ಕಡೆಯವರ ಮಾತು, ಅರ್ಜಿಯ ಜೊತೆಯಲ್ಲೇ ಇರಲಿ. ಕೋರ್ಸಿನ ಮಾನ್ಯತೆಯನ್ನು ಜಮಾಅತಿನ ಓದಿದ ಹುಡುಗರು ಇಂಟರ್‌ನೆಟ್ಟಿನಲ್ಲಿ ನೋಡಲಿ. ಹಾಜರಿ ಕಮ್ಮಿಯಾದ ತಿಂಗಳು ದುಡ್ಡು ನಿಲ್ಲಲಿ. ಲೆಕ್ಕವನ್ನು ವರ್ಷಕ್ಕೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆ ಬೋರ್ಡಿಗೆ ಅಂಟಿಸಲಿ.

ಹೆಂಗಸರ ಅರ್ಜಿಯನ್ನು ಗಂಡನ ಹೆಸರಿನಲ್ಲಿ ತೆಗೆದುಕೊಳ್ಳಬಾರದು. ಜಮಾಅತ್ ಕಮಿಟಿಯಲ್ಲಿ ಗಂಡಸರೇ ಕೂತಿರುತ್ತಾರೆ, ಬೀಡಿಯ ಕಷ್ಟ ಅವರ ಕಿವಿಗೆ ಬೀಳುವುದು ಕಮ್ಮಿ. ಮನೆಯ ಕರೆಂಟ್ ಬಿಲ್ಲು ಬೀಡಿಯ ಮಜೂರಿಯಲ್ಲೇ ಕಟ್ಟುವ ಎಷ್ಟೋ ಮನೆಗಳಲ್ಲಿ ಆಕೆಯ ಆರು ತಿಂಗಳು ಗಂಡನ ಆರು ತಿಂಗಳಿಗಿಂತ ದುಬಾರಿ. ಅಡುಗೆ, ಮಕ್ಕಳು, ಅತ್ತೆಯ ಆರೈಕೆ ಎಲ್ಲವನ್ನೂ ಯಾರಾದರೂ ಹೊತ್ತುಕೊಳ್ಳಬೇಕು, ಅದನ್ನು 15 ಸಾವಿರ ರೂಪಾಯಿಯೂ ಹೊರುವುದಿಲ್ಲ. ಗಂಡ ಹೊರಬೇಕು.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಕೆಲಸ ಸಿಗಲಿಕ್ಕಿಲ್ಲ. ಕಣಗಿನಹಾಳದ ರೈತನಿಗೂ ಪ್ರತಿ ವರ್ಷ ಮಳೆ ಬರುತ್ತಿರಲಿಲ್ಲ, ಆ ಸೀಮೆ ಮಳೆಗೆ ಹೆಸರಾದದ್ದಲ್ಲ. ಬರ ಬಂದ ವರ್ಷ ಕಂತು ಮುಂದೆ ಹಾಕುವುದು ಕೃಷಿ ಸಾಲದಲ್ಲಿ ಇದ್ದದ್ದೇ. ಜಮಾಅತಿನ ಪುಸ್ತಕದಲ್ಲೂ ಅದಕ್ಕೊಂದು ಕಾಲಂ ಮೊದಲೇ ಎಳೆದಿಟ್ಟರೆ, ಕೆಲಸ ಸಿಗದವರು ಜುಮಾದ ದಿನ ಹಿಂದಿನ ಬಾಗಿಲಿನಿಂದ ಹೋಗಬೇಕಾಗಿಲ್ಲ.